ಬಾಲಿಯ ಬಾತುಕೋಳಿ, ನಮ್ಮ ಮನೆಯ ಗಿಂಡಿ

ಬ್ರಹ್ಮಾವರ

ಬಾಲಿಗೆ ಹೋಗಿ ಬಂದವರೆಲ್ಲ ಕಡಲಿನ ಫೋಟೊ ತೋರಿಸುತ್ತಾರೆ. ನನ್ನ ಹತ್ತಿರ ಅಂಥದ್ದು ಒಂದೂ ಇಲ್ಲ. ಮರವಂತೆಯಲ್ಲಿ ಬಸ್ಸಿನ ಒಂದು ಕಿಟಕಿಯಿಂದ ಕಡಲು, ಇನ್ನೊಂದರಿಂದ ಹೊಳೆ ನೋಡುತ್ತ ದೊಡ್ಡವಳಾದ ನನಗೆ ಮತ್ತೊಂದು ಕಡಲು ನೋಡಲು ವಿಮಾನ ಹತ್ತುವ ಅಗತ್ಯವಿರಲಿಲ್ಲ. ನಾನು ಹೋದದ್ದು ಸಿಟ್ಟಿನಿಂದ. ಅದನ್ನು ಮೊದಲೇ ಹೇಳಿಬಿಟ್ಟರೆ ಮುಂದಿನದ್ದು ಸುಲಭ.

ಮಗಳು ಸ್ವಾತಿಗೆ ಬೈಂದೂರಿನ ಹುಡುಗನೊಂದಿಗೆ ಮದುವೆ ನಿಶ್ಚಯವಾಗಿತ್ತು. ಅವಳು ಕಾಲೇಜಿನಲ್ಲಿರುವಾಗಲೇ ನನ್ನ ಗಂಡ ಹೃದಯಾಘಾತದಿಂದ ತೀರಿಕೊಂಡರು. ಹೈಸ್ಕೂಲಿನಲ್ಲಿ ಹಿಂದಿ ಕಲಿಸುತ್ತ ಅವಳನ್ನು ಓದಿಸಿ, ನಿವೃತ್ತಳಾಗಿ, ಮದುವೆಯ ಸೀರೆ ಆರಿಸುವ ಖುಷಿಯಲ್ಲಿದ್ದೆ. ಆಗ ನನ್ನ ತಮ್ಮ ಸುಧಾಕರ ಬಂದ.

ಸುಧಾಕರ ಮುಂಬೈಯಲ್ಲಿ ಹೋಟೆಲು ನಡೆಸಿ, ಅದನ್ನು ಬಿಟ್ಟು ಬಂದು ಕುಂದಾಪುರದಲ್ಲಿ ಮನೆ ಕಟ್ಟಿಕೊಂಡಿದ್ದಾನೆ. ಮುಂಬೈಯಲ್ಲಿ ಇದ್ದಷ್ಟು ಕಾಲ ಅವನಿಗೆ ಏಕಾದಶಿಯೂ ಒಂದೇ, ಅಮಾವಾಸ್ಯೆಯೂ ಒಂದೇ. ಊರಿಗೆ ಬಂದ ಮೇಲೆ ಶಾಸ್ತ್ರದ ಹುಚ್ಚು ಹತ್ತಿತು. ಬೆಳಿಗ್ಗೆ ಮೊಬೈಲಿನಲ್ಲಿ ಪ್ರವಚನ ಕೇಳುತ್ತಾನೆ, ಮಧ್ಯಾಹ್ನ ಅದನ್ನು ನಮಗೆಲ್ಲ ಕಳಿಸುತ್ತಾನೆ, ಸಂಜೆ ಫೋನು ಮಾಡಿ ಕೇಳಿದಿರಾ ಎಂದು ಪರೀಕ್ಷೆ ಮಾಡುತ್ತಾನೆ. ನಮ್ಮ ಮನೆಯ ದೈವ ಹಾಯ್ಗುಳಿಗೆ ವರ್ಷಕ್ಕೊಮ್ಮೆ ಕೊಡುತ್ತಿದ್ದ ಕೋಳಿಯನ್ನು ನಿಲ್ಲಿಸಿ ಬೂದುಗುಂಬಳ ಒಡೆಸಿದವನು ಅವನೇ. ದೈವಕ್ಕೆ ಬೇಜಾರಾಯಿತೋ ಇಲ್ಲವೋ, ನಮ್ಮ ಗಂಡಸರಿಗಂತೂ ಆಯಿತು.

ಆ ದಿನ ಅವನು ಬಂದದ್ದು ಧಾರೆಯ ವಿಷಯಕ್ಕೆ. ಧಾರೆಯನ್ನು ತಾನು ಮತ್ತು ತನ್ನ ಹೆಂಡತಿ ಶೈಲಾ ಎರೆಯುತ್ತೇವೆ ಎಂದ. ಗಂಡ ಇಲ್ಲದವಳು ಗಿಂಡಿ ಮುಟ್ಟಬಾರದು, ಮುಹೂರ್ತದ ಹೊತ್ತಿಗೆ ಮಂಟಪದ ಹತ್ತಿರ ಕಾಣಿಸಿಕೊಳ್ಳದಿದ್ದರೆ ಇನ್ನೂ ಒಳ್ಳೆಯದು ಎಂದ. ಗದರಿಸಿ ಹೇಳಿದ್ದರೆ ನಾನೂ ಗದರುತ್ತಿದ್ದೆ. ನಾನು ಸೊಂಟದ ಮೇಲೆ ಹೊತ್ತು ಆಡಿಸಿದ ತಮ್ಮ, ತುಂಬ ಪ್ರೀತಿಯಿಂದಲೇ ಹೇಳಿದ.

"ಅಕ್ಕ, ನಾನ್ ಮಾಡದ್ದಲ್ಲ ಇದ್. ಶಾಸ್ತ್ರದಗೆ ಇಪ್ಪುದೇ ಹಂಗೆ. ನಿನ್ ಮಗ್ಳಿಗೇ ಒಳ್ಳೇದಾಯ್ಕಲ್ದಾ?"

ನಮ್ಮದು ಅಳಿಯಕಟ್ಟಿನ, ಎಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಮನೆತನ. ಹಿಂದೆ ನಮ್ಮ ಮದುವೆಗಳು ಮನೆಯಂಗಳದಲ್ಲೇ ಆಗುತ್ತಿದ್ದವು, ಪುರೋಹಿತರೂ ಇರುತ್ತಿರಲಿಲ್ಲ. ಕಂಚಿನ ಗಿಂಡಿಯ ಬಾಯಿಗೆ ಅಡಿಕೆಯ ಹಿಂಗಾರ ಇಟ್ಟು, ಹಿರಿಯರೆಲ್ಲ ಹೆಣ್ಣುಗಂಡೆನ್ನದೆ ಅದಕ್ಕೆ ಕೈ ಹಚ್ಚಿ, ಮದುಮಕ್ಕಳ ಕೈಮೇಲೆ ನೀರೆರೆದರೆ ಮದುವೆಯಾಯಿತು. ನನ್ನ ಅಮ್ಮನ ಧಾರೆಗೆ ಮೊದಲ ಕೈ ಹಚ್ಚಿದವಳು ನನ್ನ ಅಜ್ಜಿ. ಆಗ ಅಜ್ಜ ತೀರಿಹೋಗಿದ್ದರು. ಇದನ್ನು ಅಮ್ಮನ ಬಾಯಿಂದ ನಾವಿಬ್ಬರೂ ಒಟ್ಟಿಗೇ ಕೇಳಿದ್ದೆವು. ನೆನಪಿಸಿದರೆ ಸುಧಾಕರ, "ಆಗಿನೋರಿಗೆ ಶಾಸ್ತ್ರ ಗೊತ್ತಿರ್ಲಿಲ್ಲ ಅಕ್ಕ" ಎಂದ.

ಮಗಳಿಗೆ ಒಳ್ಳೆಯದಾಗಬೇಡವೇ ಎಂದು ಕೇಳಿದರೆ ಯಾವ ತಾಯಿ ವಾದ ಮಾಡುತ್ತಾಳೆ? ಆಯಿತು ಎಂದೆ. ಎಂದ ಮೇಲೆ ಅನ್ನ ಸೇರಲಿಲ್ಲ. ಬೈಂದೂರಿನ ಗೆಳತಿ ವನಜಾ, ನನ್ನ ಜೊತೆ ಗಣಿತದ ಟೀಚರಾಗಿದ್ದವಳು, ನನ್ನ ಮುಖ ನೋಡಿ ಸಂಗತಿ ಕೇಳಿ ತಿಳಿದುಕೊಂಡಳು. ಅವಳು ನಿವೃತ್ತ ಶಿಕ್ಷಕಿಯರ ಒಂದು ಗುಂಪಿನೊಂದಿಗೆ ಬಾಲಿಗೆ ಹೊರಟಿದ್ದಳು. ಇಲ್ಲಿ ಮುಖ ಊದಿಸಿಕೊಂಡು ಕೂರುವ ಬದಲು ಅಲ್ಲಿಗೇ ಬಂದು ಕೂರು ಎಂದು ನನ್ನ ಹೆಸರನ್ನೂ ಸೇರಿಸಿಬಿಟ್ಟಳು.

ದೆನ್‌ಪಸಾರ್

ಬಾಲಿಯ ವಿಮಾನ ನಿಲ್ದಾಣದಲ್ಲಿ ಮೊದಲ ಫಜೀತಿ ವನಜಾಳ ಪೆಟ್ಟಿಗೆಯದು. ಎಲ್ಲರೂ ಆರಾಮವಾಗಿ ಹೊರಗೆ ಹೋದರು, ಅವಳ ಪೆಟ್ಟಿಗೆ ಮಾತ್ರ ಮೇಜಿನ ಮೇಲೆ ಬಾಯಿ ತೆರೆಯಿತು. ಒಳಗೆ ಒಣಸೀಗಡಿ ಚಟ್ನಿಯ ಡಬ್ಬಿ. ಇದೇನು ಎಂದು ಅಧಿಕಾರಿ ಕೇಳಿದ್ದಕ್ಕೆ ವನಜಾ ಗಾಬರಿಯಲ್ಲಿ ಔಷಧಿ ಎಂದುಬಿಟ್ಟಳು. ಅವನು ಮುಚ್ಚಳ ತೆಗೆದು ಮೂಸಿದ. ಮುಖವೆಲ್ಲ ನಗುವಾಯಿತು. ಪಕ್ಕದವನನ್ನು ಕರೆದು ಅವನಿಗೂ ಮೂಸಿಸಿ, ಮುಚ್ಚಳ ಹಾಕಿ ಕಳಿಸಿಕೊಟ್ಟ. ಅವರ ಮನೆಯಲ್ಲೂ ಇಂಥದ್ದೇ ಒಂದು ಡಬ್ಬಿ ಇರುತ್ತದೆಂದು ಆಮೇಲೆ ಊಟಕ್ಕೆ ಕುಳಿತಾಗ ಗೊತ್ತಾಯಿತು.

ಎರಡನೆಯ ಫಜೀತಿ ನನ್ನದು. ಹೋಟೆಲಿನ ಬಾಗಿಲಲ್ಲಿ ಇಳಿದು ಚಪ್ಪಲಿ ಕಾಲನ್ನು ಮೆಟ್ಟಿಲಿನ ಮೇಲಿಟ್ಟೆ. ಕೆಳಗೆ ಏನೋ ಮೆತ್ತಗಾಯಿತು. ನೋಡಿದರೆ ಅಂಗೈಯಗಲದ ಎಲೆಯ ಬುಟ್ಟಿ, ಅದರಲ್ಲಿ ಬಣ್ಣಬಣ್ಣದ ಹೂವು, ನಾಲ್ಕು ಅನ್ನದ ಅಗುಳು, ಒಂದು ಊದುಬತ್ತಿ. ದೇವರಿಗೆ ಇಟ್ಟದ್ದನ್ನು ತುಳಿದಿದ್ದೆ. ಊರಿನಲ್ಲಾಗಿದ್ದರೆ ಜೋಯಿಸರಲ್ಲಿ ಪ್ರಶ್ನೆ ಇಡಿಸಿ, ಪ್ರಾಯಶ್ಚಿತ್ತ ಕೇಳಿ, ಕುಂಭಾಶಿಯ ಗಣಪತಿಗೆ ಹರಕೆ ಹೊತ್ತು ಮುಗಿಸಬೇಕಿತ್ತು. ಅಲ್ಲಿನ ಹುಡುಗಿ ಮಾತ್ರ ನಕ್ಕು, ಅದನ್ನು ಕಾಲಿಗೆ ಸಿಗದ ಹಾಗೆ ಬದಿಗೆ ಸರಿಸಿದಳು. ಇಟ್ಟಾಗ ದೇವರು ತೆಗೆದುಕೊಂಡಾಯಿತು, ಉಳಿದದ್ದು ಬರೀ ಎಲೆ ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದಳು. ನಾನು ಸಂಜೆಯವರೆಗೂ ಕಾಲು ಎತ್ತೆತ್ತಿ ಇಡುತ್ತ ನಡೆದೆ.

ಉಬುದ್ ಬಳಿಯ ಮನೆ

ಗುಂಪಿನವರು ಕಡಲ ಬದಿಯ ಹೋಟೆಲಿನಲ್ಲಿ ಉಳಿದರು. ವನಜಾ ಮತ್ತು ನಾನು ಉಬುದ್ ಹತ್ತಿರದ ಹಳ್ಳಿಯೊಂದರಲ್ಲಿ, ಅತಿಥಿಗಳನ್ನು ಇರಿಸಿಕೊಳ್ಳುವ ಒಂದು ಮನೆಗೆ ಬಂದೆವು. ಮನೆಯೊಡತಿ ಕೆತುತ್, ನಮ್ಮ ವಯಸ್ಸಿನವಳೇ. ಅಲ್ಲಿ ಮಕ್ಕಳಿಗೆ ಹುಟ್ಟಿದ ಕ್ರಮದಲ್ಲೇ ಹೆಸರಿಡುತ್ತಾರೆ. ಕೆತುತ್ ಎಂದರೆ ನಾಲ್ಕನೆಯದು. ಊರಿಗೆ ನೂರು ಕೆತುತ್ ಇದ್ದರೂ ಯಾರಿಗೂ ಗೊಂದಲವಿಲ್ಲ. ಅವಳ ಮೊದಲ ಮಗ ಪುತು, ಮೂವತ್ತು ದಾಟಿದವನು, ಕಾರು ಓಡಿಸುತ್ತಾನೆ, ಇಂಗ್ಲಿಷು ಚೆನ್ನಾಗಿ ಮಾತಾಡುತ್ತಾನೆ. ಅಮ್ಮ ಹೇಳಿದ್ದು ನಮಗೆ ತಿಳಿಯುತ್ತಿದ್ದದ್ದು ಅವನ ಮೂಲಕವೇ.

ಗೋಡೆ ಕಟ್ಟಿದ ದೊಡ್ಡ ಅಂಗಳದ ಈಶಾನ್ಯ ಮೂಲೆಯಲ್ಲಿ ಮನೆತನದ ಗುಡಿಗಳಿದ್ದವು. ಬೆಳಿಗ್ಗೆ ಕೆತುತ್ ಮಿಂದು, ಸೊಂಟಕ್ಕೆ ಪಟ್ಟಿ ಬಿಗಿದು, ಹೂವಿನ ಬುಟ್ಟಿಗಳ ತಟ್ಟೆ ಹಿಡಿದು ಹೊರಡುತ್ತಿದ್ದಳು. ಗುಡಿಗೊಂದು, ಒಲೆಗೊಂದು, ಬಾವಿಗೊಂದು, ಮಗನ ಕಾರಿಗೊಂದು. ಕೊನೆಯದು ಹೊಸ್ತಿಲಿಗೆ. ಅದನ್ನು ನೋಡಿ ನಾನು ಹಲ್ಲುಜ್ಜುವುದನ್ನು ನಿಲ್ಲಿಸಿದೆ. ನಮ್ಮಲ್ಲೂ ಸೋಣೆ ತಿಂಗಳಿಡೀ ಹೆಂಗಸರು ಹೊಸ್ತಿಲಿಗೆ ಹೂವಿಡುತ್ತಾರೆ. ಅದಕ್ಕೆ ಮಂತ್ರವಿಲ್ಲ, ಭಟ್ಟರಿಲ್ಲ. ಅತ್ತೆ ಇಟ್ಟದ್ದನ್ನು ನೋಡಿ ಸೊಸೆ ಇಡುತ್ತಾಳೆ. ಗಂಡ ತೀರಿಕೊಂಡ ವರ್ಷ, ಅದು ಮುತ್ತೈದೆಯರ ಪೂಜೆ ಎಂದು ಯಾರೋ ಹೇಳಿದರು. ಅಂದಿನಿಂದ ನನ್ನ ಹೊಸ್ತಿಲು ಸೋಣೆಯಲ್ಲೂ ಬರಿದೇ ಇತ್ತು.

ಕೆತುತ್‌ಳ ಗಂಡ ಎಲ್ಲಿ ಎಂದು ಪುತುವನ್ನು ಕೇಳಿದೆ. ತೀರಿಕೊಂಡು ಬಹಳ ಕಾಲವಾಯಿತು ಎಂದ.

ಗುಡಿಯ ಅಟ್ಟದಲ್ಲಿ ಹಳದಿ ಬಟ್ಟೆ ಸುತ್ತಿದ ತಾಳೆಗರಿಯ ಕಟ್ಟೊಂದಿತ್ತು. ಮನೆಯಲ್ಲಿ ಯಾರಿಗೂ ಆ ಲಿಪಿ ಬಾರದು. ಸರಸ್ವತಿಯ ಹಬ್ಬದ ದಿನ ಅದಕ್ಕೆ ಹೂವಿಟ್ಟು ಕೈಮುಗಿಯುತ್ತಾರೆ, ಆ ದಿನ ಓದುವುದೇ ಇಲ್ಲವಂತೆ. ನಮ್ಮ ನವರಾತ್ರಿಯಲ್ಲಿ ಪುಸ್ತಕ ಪೂಜೆಗಿಟ್ಟ ಮೇಲೆ ಮಕ್ಕಳಿಗೆ ಸಿಗುವ ರಜೆ ನೆನಪಾಯಿತು. ಅದರೊಳಗೆ ಏನು ಬರೆದಿದೆ ಎಂದು ವನಜಾ ಕೇಳಿದಳು. ಕೆತುತ್ ಭುಜ ಹಾರಿಸಿ ನಕ್ಕಳು. ಪುತು ನಗಲಿಲ್ಲ. ಅದರಲ್ಲಿ ನಿಜವಾದದ್ದೇನೂ ಇರಲಾರದು, ನಿಜವಾದ ಪುಸ್ತಕ ಇಂಡಿಯಾದಲ್ಲಿದೆ ಎಂದು ಹೇಳಿ ನನ್ನನ್ನು ಗೌರವದಿಂದ ನೋಡಿದ. ಆ ನೋಟ ನನಗೆ ಅರ್ಥವಾದದ್ದು ಮರುದಿನ.

ಸಿರಿ ಹೆಣೆದ ದಿನ

ಆ ವಾರ ಅವರ ಮನೆಗುಡಿಯ ವಾರ್ಷಿಕ ಪೂಜೆ. ಅಂಗಳದ ಚಾವಡಿಯಲ್ಲಿ ನೆರೆಯ ಹೆಂಗಸರೆಲ್ಲ ಕುಳಿತು ತೆಂಗಿನ ಎಳೆ ಗರಿ ಸೀಳಿ ಬುಟ್ಟಿ, ತೋರಣ ಹೆಣೆಯುತ್ತಿದ್ದರು. ನಮ್ಮಲ್ಲಿ ದೈವದ ಕೋಲಕ್ಕೆ ಕಟ್ಟುವ ಸಿರಿಯೇ ಅದು. ಸುಮ್ಮನೆ ನೋಡುತ್ತ ಕೂರಲು ನನ್ನಿಂದ ಆಗಲಿಲ್ಲ, ಚಾಕು ಕೇಳಿ ತೆಗೆದುಕೊಂಡೆ. ನಾನು ಹೆಣೆದದ್ದು ಅವರ ಮಾದರಿಗೆ ಹೊಂದಲಿಲ್ಲ. ಆದರೂ ಕೆತುತ್ ಅದನ್ನು ಎಸೆಯದೆ ಗುಡಿಯ ಹಿಂಬದಿಗೆ ಕಟ್ಟಿಸಿದಳು. ವನಜಾಳದ್ದನ್ನು ಮಾತ್ರ ದನಕ್ಕೆ ಹಾಕಿದರು.

ಅಂಗಳದ ಮೂಲೆಯಲ್ಲಿ ಬಿದಿರಿನ ಬುಟ್ಟಿಯಡಿ ಒಂದು ಬಾತುಕೋಳಿ ಗೊಣಗುತ್ತಿತ್ತು. ಪೂಜೆಯ ನೈವೇದ್ಯಕ್ಕೆ ಅದು ಬೇಕು. ಕೆತುತ್‌ಳ ಅತ್ತೆ ಇಟ್ಟದ್ದು, ಅವಳ ಅತ್ತೆ ಇಟ್ಟದ್ದು. ಪುತು ಬಂದು ಅಮ್ಮನ ಹತ್ತಿರ ಏನೋ ಹೇಳಿದ. ಅವಳು ತಲೆಯೆತ್ತದೆ ಉತ್ತರ ಕೊಟ್ಟಳು. ಅವನ ದನಿ ಏರಿತು, ಹೆಂಗಸರ ಕೈಗಳು ನಿಂತವು. ಆಮೇಲೆ ಅವನು ನನ್ನೆದುರು ಮಂಡಿಯೂರಿ ಕುಳಿತು ಇಂಗ್ಲಿಷಿನಲ್ಲಿ ಎಲ್ಲವನ್ನೂ ವಿವರಿಸಿದ. ಪೇಟೆಯಲ್ಲಿ ಹೊಸದೊಂದು ಕೂಟ ಸೇರುತ್ತದಂತೆ. ವೇದದಲ್ಲಿ ಇಲ್ಲದ್ದನ್ನು ಮಾಡುವುದು ಪಾಪ ಎಂದು ಅಲ್ಲಿ ಕಲಿಸುತ್ತಾರಂತೆ. ಬಾತುಕೋಳಿ ಇಟ್ಟರೆ ತಾನು ಈ ಪೂಜೆಗೆ ಕೂರುವುದಿಲ್ಲ. ಅಮ್ಮ ಕೇಳುವುದಿಲ್ಲ, ಅಜ್ಜಿ ಇಟ್ಟದ್ದು ಎನ್ನುತ್ತಾಳೆ.

"ಅಜ್ಜಿಯ ಕಾಲದವರಿಗೆ ಗೊತ್ತಿರಲಿಲ್ಲ ಮೇಡಂ" ಎಂದ ಅವನು. "ನೀವು ಇಂಡಿಯಾದವರು. ಪುಸ್ತಕದಲ್ಲಿ ಏನಿದೆ ಎಂದು ನೀವೇ ಅಮ್ಮನಿಗೆ ಹೇಳಿ. ನೀವು ಹೇಳಿದರೆ ಕೇಳುತ್ತಾಳೆ."

ನನ್ನ ಕೈಯಲ್ಲಿದ್ದ ಗರಿ ಮುರಿಯಿತು. ಸುಧಾಕರನ ಮಾತು, ಒಂದಕ್ಷರ ಆಚೀಚೆಯಿಲ್ಲ. ಅವನು ಕುಂದಾಪುರದಿಂದ ಇಲ್ಲಿಯವರೆಗೆ ನನ್ನ ಬೆನ್ನು ಹತ್ತಿ ಬಂದ ಹಾಗಾಯಿತು. ತಮಾಷೆಯೆಂದರೆ, ಊರಿನಲ್ಲಿ ಗಿಂಡಿ ಮುಟ್ಟಲು ಯೋಗ್ಯತೆ ಇಲ್ಲದ ನಾನು ಇಲ್ಲಿ ವೇದಕ್ಕೇ ಸಾಕ್ಷಿ. ವೇದದ ಒಂದು ಸಾಲು ಬಾರದ ನಾನು, ಬೆಳಿಗ್ಗೆ ಬಂಗಡೆ ಸಾರಿನ ಕನಸು ಕಂಡು ಎದ್ದ ನಾನು.

ವನಜಾ ಗರಿಯ ರಾಶಿಯ ಮರೆಯಿಂದ ಪಿಸುಗುಟ್ಟಿದಳು: "ಏಯ್, ಬಾತುಕೋಳಿ ಜೀವ ಈಗ ನಿನ್ ಬಾಯಗ್ ಇತ್ ಕಾಣ್."

ಅದೂ ನಿಜವೇ. ಹೂಂ ಎಂದರೆ ಒಂದು ಜೀವ ಉಳಿಯುತ್ತಿತ್ತು. ಪುತು ಬಂದು "ಪಾಪ, ಬಾತುಕೋಳಿ" ಎಂದಿದ್ದರೆ ನಾನು ಅವನ ಪಕ್ಷ ಸೇರುತ್ತಿದ್ದೆನೋ ಏನೋ. ಅವನಿಗೆ ಬಾತುಕೋಳಿಯ ಮೇಲೆ ಕನಿಕರವಿರಲಿಲ್ಲ. ಅವನಿಗೆ ಬೇಕಾದದ್ದು ಅಮ್ಮನ ಬಾಯಿ ಮುಚ್ಚಿಸುವ ಒಂದು ದೊಡ್ಡ ಹೆಸರು. ಕೆತುತ್ ನನ್ನನ್ನೇ ನೋಡುತ್ತಿದ್ದಳು. ಭಾಷೆ ಬಾರದಿದ್ದರೂ ನನಗೆ ಆ ಮುಖ ಗೊತ್ತಿತ್ತು. ಸುಧಾಕರ ಹೋದ ಮೇಲೆ ಕನ್ನಡಿಯಲ್ಲಿ ನೋಡಿದ್ದೆ.

ನಾನು ಪಠ್ಯಪುಸ್ತಕ ಹಿಡಿದೇ ಬದುಕಿದವಳು, ಪುಸ್ತಕದ ಮೇಲೆ ನನಗೆ ದ್ವೇಷವಿಲ್ಲ. ಆದರೆ ಪುಸ್ತಕದಲ್ಲಿ ತಪ್ಪಿದ್ದರೆ ಇಲಾಖೆಯಿಂದ ತಿದ್ದುಪಡಿ ಬರುತ್ತಿತ್ತು. ಎಷ್ಟೋ ಸಲ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತು, ಟೀಚರ್ ಇದು ತಪ್ಪಲ್ಲವೇ ಎಂದದ್ದೂ ಉಂಟು. ಕೇಳಬಾರದು ಎನ್ನುವ ಪುಸ್ತಕವನ್ನು ನಾನು ಯಾವ ತರಗತಿಯಲ್ಲೂ ಕಲಿಸಿರಲಿಲ್ಲ. ಸ್ವಂತ ಮನೆಯಲ್ಲಿ ಮಾತ್ರ ಅಂಥ ಪುಸ್ತಕಕ್ಕೆ ತಲೆಬಾಗಿಸಿ ಇಷ್ಟು ದೂರ ಓಡಿಬಂದಿದ್ದೆ.

"ನಾನು ಬಂದದ್ದು ಇಂಡಿಯಾದಿಂದ, ಪುಸ್ತಕದೊಳಗಿನಿಂದ ಅಲ್ಲ" ಎಂದೆ ಪುತುವಿಗೆ. "ನಮ್ಮ ಮನೆಯಲ್ಲೂ ದೈವಕ್ಕೆ ಕೋಳಿ ಕೊಡುತ್ತಿದ್ದರು. ನಿಮ್ಮ ಮನೆಯ ಗುಡಿಗೆ ಏನಿಡಬೇಕೆಂದು ನಿಮ್ಮ ಅಮ್ಮನಿಗೆ ಗೊತ್ತು. ನಿನಗೆ ಬಾತುಕೋಳಿ ಕೊಲ್ಲುವುದು ಬೇಡವಾದರೆ ಬೇಡವೆಂದು ಅವಳ ಹತ್ತಿರ ನೀನೇ ಕೇಳು. ನನ್ನ ಹೆಸರಿನಲ್ಲಿ ಹೇಳಬೇಡ, ಪುಸ್ತಕದ ಹೆಸರಿನಲ್ಲೂ ಬೇಡ."

ಅವನ ಮುಖ ಸಣ್ಣದಾಯಿತು. ಇದನ್ನು ಅಮ್ಮನಿಗೆ ಹೇಳು ಎಂದು ಒತ್ತಾಯಿಸಿದೆ. ಪ್ರಾಮಾಣಿಕ ಹುಡುಗ, ಪೂರ್ತಿ ಹೇಳಿದನೆಂದು ಕೆತುತ್‌ಳ ಮುಖದಿಂದಲೇ ತಿಳಿಯಿತು. ಅವಳು ನನ್ನ ಮುಂದೆ ಇನ್ನೊಂದು ಹಿಡಿ ಗರಿ ತಂದಿಟ್ಟಳು.

ಪೂಜೆಯ ದಿನ

ಸೊಂಟಕ್ಕೆ ಪಟ್ಟಿ ಕಟ್ಟದೆ ಗುಡಿಯ ಅಂಗಳಕ್ಕೆ ಬಿಡುವುದಿಲ್ಲ. ಸೀರೆಯ ಮೇಲೆ ಹಳದಿ ಪಟ್ಟಿ ಬಿಗಿಸಿಕೊಂಡ ವನಜಾ, ಶಾಲೆಯ ಕವಾಯತಿನ ಹುಡುಗಿಯ ಹಾಗೆ ಎದೆ ಸೆಟೆದು ನಡೆದಳು. ಬಾತುಕೋಳಿ ನೈವೇದ್ಯದ ತಟ್ಟೆಯಲ್ಲಿತ್ತು. ನನಗೆ ಅದನ್ನು ನೋಡಿ ಸಂಕಟವಾದದ್ದು ಸುಳ್ಳಲ್ಲ. ಪುತು ಬರುವುದಿಲ್ಲ ಎಂದುಕೊಂಡಿದ್ದೆ. ಬಂದ. ಬಿಳಿ ಬಟ್ಟೆ ಉಟ್ಟು, ಅಮ್ಮ ಎತ್ತಲಾರದ ಭಾರದ ತಟ್ಟೆಗಳನ್ನೆಲ್ಲ ಹೊತ್ತು ತಂದಿಟ್ಟು, ದೂರದಲ್ಲಿ ಕುಳಿತ.

ಎತ್ತರದ ಕಟ್ಟೆಯ ಮೇಲೆ ಬಿಳಿ ಉಡುಪಿನ ಮುದುಕಿಯೊಬ್ಬಳು ಗಂಟೆ ಬಾರಿಸುತ್ತ, ಬೆರಳುಗಳಲ್ಲಿ ಹೂವು ಹಿಡಿದು ಮಂತ್ರ ಹೇಳುತ್ತಿದ್ದಳು. ಪುರೋಹಿತರು ಇನ್ನೂ ಬಂದಿಲ್ಲ, ಅವರ ಮನೆಯಾಕೆ ತಯಾರಿ ಮಾಡುತ್ತಿದ್ದಾಳೆ ಎಂದುಕೊಂಡು ನಾನು ಬಾಗಿಲ ಕಡೆ ನೋಡುತ್ತ ಕುಳಿತೆ. ಪೂಜೆ ಅರ್ಧ ಮುಗಿದ ಮೇಲೆ ಗೊತ್ತಾಯಿತು, ಪುರೋಹಿತರು ಆಕೆಯೇ. ಗಂಡನ ಜೊತೆಗೇ ದೀಕ್ಷೆ ಪಡೆದವಳು. ಗಂಡ ಹೋದ ಮೇಲೂ ಜನ ಅವಳನ್ನೇ ಕರೆಯುತ್ತಾರೆ.

ಕೊನೆಯಲ್ಲಿ ತೀರ್ಥ. ಅವಳೇ ಕೆಳಗಿಳಿದು ಬಂದು ಸಾಲಾಗಿ ಕುಳಿತವರ ತಲೆಗೆ ಚಿಮುಕಿಸಿ, ಬೊಗಸೆಗೆ ಎರೆದಳು. ನಾನೂ ಬೊಗಸೆ ಒಡ್ಡಿದೆ. ಹೂವಿನ ವಾಸನೆಯ ತಣ್ಣನೆಯ ನೀರು. ಗಂಡ ಇಲ್ಲದ ಹೆಂಗಸಿನ ಕೈಯಿಂದ ಗಂಡ ಇಲ್ಲದ ಹೆಂಗಸಿನ ಕೈಗೆ ಬಿತ್ತು. ಕುಡಿದೆ. ಅಳು ಬಂತು, ತಡೆಯಲಿಲ್ಲ.

ಎಲ್ಲ ಮುಗಿದ ಮೇಲೆ ಪುತುವಿನ ಕೈಕಾಲು ಹಿಡಿದು, ಆಕೆಯ ಹತ್ತಿರ ಒಂದು ಮಾತು ಕೇಳಿಸಿದೆ. ಗಂಡ ಹೋದ ಮೇಲೆ ಮುಂದುವರಿಸಬಾರದು ಎಂದು ಯಾರೂ ಹೇಳಲಿಲ್ಲವೇ? ಆಕೆಗೆ ಪ್ರಶ್ನೆ ಅರ್ಥವಾಗಲಿಲ್ಲ. ಪುತು ಬೇರೆ ಮಾತಿನಲ್ಲಿ ಇನ್ನೊಮ್ಮೆ ಕೇಳಿದ. ಆಗಲೂ ಅರ್ಥವಾಗಲಿಲ್ಲ. ನನ್ನ ಒದ್ದೆ ಮುಖ ನೋಡಿ, ಹಸಿವಾಗಿರಬೇಕು, ಊಟಕ್ಕೆ ಕೂರಿಸಿ ಎಂದಳಂತೆ.

ಬಾಲಿಯಲ್ಲಿ ಎಲ್ಲವೂ ಚಂದ ಎಂದು ನಾನು ಹೇಳುವುದಿಲ್ಲ. ಅಲ್ಲಿನ ಹೆಂಗಸರಿಗೆ ಬುಟ್ಟಿ ಹೆಣೆದೇ ಸೊಂಟ ಬಿದ್ದುಹೋಗುತ್ತದೆ, ಗಂಡಸರು ಕೋಳಿ ಅಂಕದಲ್ಲಿ ಕೂತಿರುತ್ತಾರೆ. ಆದರೆ ಆ ಮುದುಕಿಗೆ ಅರ್ಥವಾಗದೇ ಹೋದ ಪ್ರಶ್ನೆಯನ್ನು ನಾನು ಊರಿನಿಂದ ಹೊತ್ತುಕೊಂಡು ಹೋಗಿದ್ದೆ. ವಾಪಸು ತರಲಿಲ್ಲ.

ಕುಂದಾಪುರ

ಬ್ರಹ್ಮಾವರದ ಮನೆಗೆ ಬಂದ ಮರುದಿನವೇ ಸುಧಾಕರನನ್ನು ಕರೆಸಿ, ಧಾರೆ ನಾನೇ ಎರೆಯುತ್ತೇನೆ ಎಂದೆ. ಯಾವ ಪುಸ್ತಕದಲ್ಲಿದೆ ಬೇಡವೆಂದು, ತಂದು ತೋರಿಸು ಎಂದೂ ಕೇಳಿದೆ. ಪ್ರವಾಸದ ಬಿಸಿ ಆರಲಿ ಎಂದು ಅವನು ನಕ್ಕು ಹೋದ. ವಾರ ಕಳೆದು ನಿಜವಾಗಿಯೂ ಒಂದು ಪುಟದ ಝೆರಾಕ್ಸ್ ತಂದ. ಕನ್ನಡ ಅರ್ಥವೂ ಕೆಳಗಿತ್ತು. ಓದಿದೆ. ಅವನು ಹೇಳಿದ್ದು ಹೌದು, ಹಾಗೆಯೇ ಬರೆದಿತ್ತು. ಗಂಡ ಸತ್ತ ಹೆಂಗಸು ಎಲ್ಲಿ ನಿಲ್ಲಬೇಕು, ಎಲ್ಲಿ ನಿಲ್ಲಬಾರದು ಎಂದು ಯಾರೋ ಗಂಡಸು ಯಾವುದೋ ಕಾಲದಲ್ಲಿ ಕುಳಿತು ಬರೆದಿದ್ದ.

"ಕಂಡ್ಯಲ?" ಎಂದ ಸುಧಾಕರ. "ಈಗ ಎಂತ ಹೇಳ್ತೆ?"

"ಬರ್ದದ್ ಹೌದ್. ನಾನ್ ಒಪ್ಪುದಿಲ್ಲ."

ಅವನು ಇದಕ್ಕೆ ಸಿದ್ಧನಾಗಿ ಬಂದಿರಲಿಲ್ಲ. ಪುಟ ಸಿಕ್ಕಿದರೆ ಮಾತು ಮುಗಿಯಿತು ಎಂದುಕೊಂಡಿದ್ದ. ನಾಳೆ ಮಗಳಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಎಂದು ಹಳೆಯ ಬಾಣವನ್ನೇ ತೆಗೆದ. ಆ ಭಯ ನನಗಿಲ್ಲವೆಂದಲ್ಲ, ಈಗಲೂ ಇದೆ. ಆದರೆ ನನ್ನ ಮದುವೆಗೆ ಧಾರೆ ಎರೆದದ್ದು ಅಪ್ಪ ಮತ್ತು ಅಮ್ಮ ಇಬ್ಬರೂ ಸೇರಿ, ಮುತ್ತೈದೆಯ ಕೈಯಲ್ಲೇ, ಶುಭಮುಹೂರ್ತದಲ್ಲೇ. ಆ ನೀರು ನನ್ನ ಗಂಡನನ್ನು ಉಳಿಸಲಿಲ್ಲ. ಇದನ್ನು ಹೇಳಿದಾಗ ಅವನು ತಲೆ ತಗ್ಗಿಸಿದ. ಭಾವನೆಂದರೆ ಅವನಿಗೂ ಪ್ರಾಣ. ಆದರೂ ಒಪ್ಪಲಿಲ್ಲ. ತಾನು ಮಂಟಪ ಹತ್ತುವುದಿಲ್ಲ, ಶೈಲಾಳನ್ನೂ ಹತ್ತಿಸುವುದಿಲ್ಲ ಎಂದು ಎದ್ದು ಹೋದ.

ಸ್ವಾತಿಗೆ ಎಲ್ಲವನ್ನೂ ಹೇಳಿದೆ. "ನೀನೇ ಒಪ್ಪಿದ್ದೆ ಅಂದ್ಕಂಡ್ ನಾನ್ ಸುಮ್ನಾದ್ದ್ ಅಮ್ಮ" ಎಂದು ಅವಳು ನನ್ನ ತೊಡೆಯ ಮೇಲೆ ಮಲಗಿದಳು. ಬೈಂದೂರಿನ ಬೀಗರ ಮನೆಗೆ ಹೋಗಿ ಮೊದಲೇ ತಿಳಿಸಿದೆ. ಅಳಿಯನಾಗುವವನು ತನಗೆ ಅಡ್ಡಿಯಿಲ್ಲ ಎಂದ. ಬೀಗಿತಿ, ನಿಮ್ಮ ಮಗಳು, ನೀವು ಎರೆಯಿರಿ ಎಂದರು. ಮನಸ್ಸಿನಿಂದ ಹೇಳಿದರೋ ಮರ್ಯಾದೆಗೆ ಹೇಳಿದರೋ ನನಗೆ ತಿಳಿಯದು, ನಾನು ಕೆದಕಲಿಲ್ಲ. ಮನೆಗೆ ಬಂದು ಅಜ್ಜಿಯ ಗಿಂಡಿ ಹೊರತೆಗೆದು, ಹುಣಸೆಹುಳಿ ಹಾಕಿ ಉಜ್ಜಿದೆ. ಸೋಣೆಯಲ್ಲದಿದ್ದರೂ ಹೊಸ್ತಿಲಿಗೆ ಒಂದು ಹೂವಿಟ್ಟೆ.

ಮದುವೆ ಕುಂದಾಪುರದ ಸಭಾಭವನದಲ್ಲಿ. ಮುಹೂರ್ತಕ್ಕೆ ಗಿಂಡಿ ಹಿಡಿದು ನಾನು ಮಂಟಪ ಹತ್ತಿದಾಗ ಹಾಲ್‌ನಲ್ಲಿ ಕುರ್ಚಿ ಸರಿದಾಡುವ ಸದ್ದೂ ನಿಂತಿತು. ಮುಂದಿನ ಸಾಲಿನಲ್ಲಿ ವನಜಾ, ಬಾಲಿಯ ಹಳದಿ ಪಟ್ಟಿಯನ್ನು ಸೀರೆಯ ಮೇಲೆ ಬಿಗಿದುಕೊಂಡು ಕುಳಿತಿದ್ದಳು. ಸುಧಾಕರ ಮಂಟಪದ ಕೆಳಗೆ ಕೈಕಟ್ಟಿ ನಿಂತಿದ್ದ. ಹತ್ತಲಿಲ್ಲ, ಬಿಟ್ಟು ಹೋಗಲೂ ಇಲ್ಲ. ನೀರು ತುಂಬಿದ ಕಂಚಿನ ಗಿಂಡಿ ಬಲು ಭಾರ, ನನ್ನ ಮಣಿಕಟ್ಟು ಸೋಲುತ್ತಿತ್ತು. ಅಷ್ಟರಲ್ಲಿ ಬಳೆಗಳ ಸದ್ದಾಯಿತು. ಶೈಲಾ ಗಂಡನನ್ನು ದಾಟಿಕೊಂಡು ಮೆಟ್ಟಿಲು ಹತ್ತಿ ಬಂದು, ಗಿಂಡಿಯ ಅಡಿಗೆ ಕೈ ಕೊಟ್ಟಳು.

ಭಟ್ಟರು ಮಂತ್ರ ನಿಲ್ಲಿಸಿ, ಏನು ಮಾಡಲಿ ಎನ್ನುವಂತೆ ಸುಧಾಕರನ ಕಡೆ ನೋಡಿದರು.

"ಅವ್ನನ್ ಎಂತಕೆ ಕಾಂತ್ರಿ ಭಟ್ರೇ?" ಎಂದೆ. "ನೀವ್ ಮಂತ್ರ ಹೇಳಿ. ನೀರ್ ನಾನ್ ಬಿಡ್ತೆ."

ಅವರು ಶುರು ಮಾಡಿದರು. ನಾನು ಗಿಂಡಿ ಬಗ್ಗಿಸಿದೆ. ಸ್ವಾತಿಯ ಅಂಗೈ ತುಂಬಿ ನೀರು ಕೆಳಗೆ ಹರಿಯಿತು.